ಮಾವ ಬೇಡ, ಅಳಿಯ ಬೇಕು!

ಜರ್ಮನಿಯಲ್ಲಿ ಹುಟ್ಟಿದ ಪ್ರಸಿದ್ಧರು ಅಂದ ತಕ್ಷಣ ಐನ್‌ಸ್ಟೈನ್ ನೆನಪಾಗ್ತಾರೆ. ನಮ್ಮ ನಾಡಿಗೆ ಬಂದವರು ಅಂದ್ರೆ ನಿಘಂಟಿನ ಕಿಟೆಲ್. ನಾನು ಇವತ್ತು ಹೇಳೋಕೆ ಹೊರಟಿರೋದು ಬೆಂಗಳೂರಿಗೆ ಬಂದ ಬೇರೆ ಇಬ್ಬರ ಬಗ್ಗೆ. ಇಬ್ಬರೂ ಸೋದರಮಾವ, ಸೋದರಳಿಯ.

ಮಾವ ಮ್ಯಾಕ್ಸ್ ಬಾರ್ನ್. ಹುಟ್ಟಿದ್ದು 1882ರಲ್ಲಿ, ಬ್ರೆಸ್ಲಾವ್‌ನಲ್ಲಿ. ಆ ಊರು ಈಗ ಪೋಲೆಂಡ್‌ಗೆ ಸೇರಿದೆ, ಆಗ ಜರ್ಮನಿಯದ್ದು. ಕ್ವಾಂಟಂ ಭೌತವಿಜ್ಞಾನಕ್ಕೆ ಅಡಿಪಾಯ ಹಾಕಿದವರಲ್ಲಿ ಒಬ್ಬರು. ಆದರೇನು, 1933ರಲ್ಲಿ ಹಿಟ್ಲರ್ ಬಂದ ಕೆಲವೇ ತಿಂಗಳಲ್ಲಿ ಯೆಹೂದಿ ಅನ್ನೋ ಕಾರಣಕ್ಕೆ ಪ್ರೊಫೆಸರ್ ಹುದ್ದೆ ಹೋಯ್ತು. ಕೇಂಬ್ರಿಡ್ಜ್‌ನಲ್ಲಿ ಸಿಕ್ಕಿದ್ದು ತಾತ್ಕಾಲಿಕ ಕೆಲಸ. 1935ರಲ್ಲಿ ಸಿ.ವಿ. ರಾಮನ್ ಕರೆದಾಗ, ಹೆಂಡತಿ ಹೆಡಿ ಜೊತೆ ಬೆಂಗಳೂರಿಗೆ ಬಂದರು, ಆರು ತಿಂಗಳ ಮಟ್ಟಿಗೆ.

ಆಗ ರಾಮನ್ ನಮ್ಮ ಟಾಟಾ ಇನ್‌ಸ್ಟಿಟ್ಯೂಟಿನ ನಿರ್ದೇಶಕರು. ಬಾರ್ನ್‌ರನ್ನ ಇಲ್ಲೇ ಕಾಯಂ ಮಾಡಿಕೊಳ್ಳಬೇಕು ಅಂತ ಅವರಿಗೆ ಆಸೆ. ಸಭೆಯಲ್ಲಿ ವಿಷಯ ಇಟ್ಟು ಹಾಡಿ ಹೊಗಳಿದರು. ಆಗ ಒಬ್ಬ ಇಂಗ್ಲಿಷ್ ಪ್ರೊಫೆಸರ್ ಎದ್ದು, ಸ್ವಂತ ದೇಶದವರೇ ಓಡಿಸಿದ ಎರಡನೇ ದರ್ಜೆಯ ವಿದೇಶಿ ನಮಗೆ ಸಾಲದು ಅಂದುಬಿಟ್ಟರಂತೆ. ಬಾರ್ನ್ ಅಲ್ಲೇ ಕೂತಿದ್ದರು! ಮನೆಗೆ ಹೋಗಿ ಹೆಂಡತಿ ಮುಂದೆ ಅತ್ತೆ ಅಂತ ಅವರೇ ಆತ್ಮಕಥೆಯಲ್ಲಿ ಬರೆದುಕೊಂಡಿದ್ದಾರೆ. ರಾಮನ್ ಆಡಳಿತದ ಮೇಲಿದ್ದ ಸಿಟ್ಟೂ ಅದರಲ್ಲಿ ಸೇರಿತ್ತು ಅನ್ನಿ. ಆದರೆ ಏಟು ಬಿದ್ದಿದ್ದು ಊರು ಕಳಕೊಂಡು ಬಂದವನಿಗೆ. 1936ರಲ್ಲಿ ಎಡಿನ್‌ಬರೋ ವಿಶ್ವವಿದ್ಯಾಲಯ ಅವರನ್ನ ಕರೆದುಕೊಂಡಿತು. 1954ರಲ್ಲಿ ನೊಬೆಲ್ ಬಂತು. ಇಲ್ಲಿ ಉಳಿದಿದ್ದರೆ? ಯೋಚಿಸಿದರೆ ನನಗಂತೂ ಹೊಟ್ಟೆ ಉರಿಯುತ್ತೆ.

ಇನ್ನು ಅಳಿಯ. ಬಾರ್ನ್ ತಂಗಿಯ ಮಗ ಆಟೋ ಕೋನಿಗ್ಸ್‌ಬರ್ಗರ್. 1908ರಲ್ಲಿ ಬರ್ಲಿನ್‌ನಲ್ಲಿ ಹುಟ್ಟಿ ಆರ್ಕಿಟೆಕ್ಟ್ ಆದವರು. ನಾಜಿಗಳ ಕಾಟಕ್ಕೆ ಜರ್ಮನಿ ಬಿಟ್ಟು ಈಜಿಪ್ಟ್‌ಗೆ ಹೋದರು. 1939ರಲ್ಲಿ ಮೈಸೂರು ಸಂಸ್ಥಾನ ಸೇರಿದರು. ದಿವಾನ್ ಮಿರ್ಜಾ ಇಸ್ಮಾಯಿಲ್ ಕಾಲ ಅದು. ಮೂವತ್ತರ ಹರೆಯದ ನಿರಾಶ್ರಿತ ಹುಡುಗ ಸಂಸ್ಥಾನದ ಮುಖ್ಯ ಆರ್ಕಿಟೆಕ್ಟ್!

ಮಾವನಿಗೆ ಬೇಡ ಅಂದ ಅದೇ ಇನ್‌ಸ್ಟಿಟ್ಯೂಟಿಗೆ ಅಳಿಯ ಕಟ್ಟಡಗಳನ್ನ ವಿನ್ಯಾಸ ಮಾಡಿಕೊಟ್ಟರು. ಏರೋನಾಟಿಕ್ಸ್ ವಿಭಾಗ, ಮೆಟಲರ್ಜಿ ವಿಭಾಗ, ಊಟದ ಹಾಲ್. ಬಸವನಗುಡಿಯ ಕೃಷ್ಣರಾವ್ ಪಾರ್ಕಿನ ಮಂಟಪವೂ ಅವರದ್ದೇ. ಸಂಸ್ಥಾನದ ಆಚೆಗೂ ಕೈ ಚಾಚಿದರು. ಜೆಮ್‌ಶೆಡ್‌ಪುರಕ್ಕೆ ಯೋಜನೆ, ಹೊಸ ರಾಜಧಾನಿ ಭುವನೇಶ್ವರಕ್ಕೆ ನಕ್ಷೆ. ಸ್ವಾತಂತ್ರ್ಯ ಬಂದ ಮೇಲೆ ಕೇಂದ್ರ ಸರ್ಕಾರದಲ್ಲಿ ವಸತಿ ನಿರ್ದೇಶಕರು. ದೆಹಲಿಯಲ್ಲಿ ಫ್ಯಾಕ್ಟರಿಯಲ್ಲೇ ಮನೆ ತಯಾರಿಸುವ ಯೋಜನೆ ಮಾತ್ರ ಕೈಕೊಟ್ಟಿತು. 1951ರಲ್ಲಿ ಲಂಡನ್‌ಗೆ ಹೊರಟರು.

ಅಲ್ಲಿ ಅವರು ಪಾಠ ಮಾಡಿದ್ದು ಬಿಸಿಲಿನ ನಾಡುಗಳಲ್ಲಿ ಕಟ್ಟೋದು ಹೇಗೆ ಅಂತ. ಗಾಳಿ ಯಾವ ಕಡೆಯಿಂದ ಬರುತ್ತೆ, ನೆರಳು ಎಲ್ಲಿ ಬೀಳುತ್ತೆ, ಅಲ್ಲಿನ ಜನ ಹೇಗೆ ಬದುಕ್ತಾರೆ ಅಂತ ನೋಡಿ ಆಮೇಲೆ ಗೋಡೆ ಎಬ್ಬಿಸಿ ಅನ್ನುವ ಪಾಠ. ಆ ವಿಷಯದ ಅವರ ಪುಸ್ತಕವನ್ನ ನಮ್ಮ ಆರ್ಕಿಟೆಕ್ಚರ್ ಕಾಲೇಜುಗಳಲ್ಲಿ ಈಗಲೂ ಓದ್ತಾರೆ. ಗಾಜಿನ ಟೆಕ್ ಪಾರ್ಕ್‌ಗಳನ್ನ ಕಟ್ಟಿದವರು ಓದಿದ್ದಾರೋ ಇಲ್ವೋ, ಕರೆಂಟ್ ಹೋಗಿ ಎಸಿ ನಿಂತ ದಿನ ನೀವೇ ಹೇಳಿ.