ಕೂಗದ ಗಂಟೆಯ ವಿಚಾರಣೆ

ಗೋಕಾಕ, ಮೂಡಲಗಿ, ಹುಕ್ಕೇರಿಯಂಥ ಊರುಗಳ ಪೇಟೆಯಲ್ಲಿ ಕಳವಿನ ಅಲಾರಂ ಎಂಬುದು ಇಂದು ಬಂಗಾರದ ಅಂಗಡಿಗಳಿಗೆ ಮಾತ್ರ ಮೀಸಲಾದ ವಸ್ತುವಲ್ಲ. ಬಟ್ಟೆಯ ಅಂಗಡಿ, ಗೊಬ್ಬರದ ಅಂಗಡಿ, ಔಷಧದ ಅಂಗಡಿಗಳ ಗೋಡೆಯ ಮೇಲೂ ಅದರ ಕೆಂಪು ದೀಪ ಮಿನುಗುತ್ತಿರುತ್ತದೆ. ಆ ದೀಪವನ್ನು ನೋಡಿ ಮಾಲೀಕರು ನಿಶ್ಚಿಂತೆಯಿಂದ ಮನೆಗೆ ತೆರಳುತ್ತಾರೆ. ಆದರೆ ಒಂದು ಬೆಳಿಗ್ಗೆ ಗಲ್ಲಾ ಬರಿದಾಗಿ, ಅಲಾರಂ ಮಾತ್ರ ಏನೂ ಅರಿಯದಂತೆ ಕುಳಿತಿದ್ದರೆ, ನೆರೆದ ಜನರ ಬಾಯಿಂದ ಹೊರಡುವ ಮೊದಲ ಮಾತು ಯಾವುದು? "ಇದು ಒಳಗಿನವರದೇ ಕೈವಾಡ!" ಮರುಗಳಿಗೆಯಲ್ಲಿ ಎಲ್ಲರ ಕಣ್ಣು ಅಂಗಡಿಯ ಆಳುಮಗನ ಮೇಲೆ ಬೀಳುತ್ತದೆ. ಕಸ ಗುಡಿಸಿ, ನೀರು ತಂದು, ರಾತ್ರಿ ಬೀಗ ಹಾಕಿ ಹೋದ ಹುಡುಗ ಬೆಳಗಾಗುವಷ್ಟರಲ್ಲಿ ಕಳ್ಳನೆನಿಸಿಕೊಳ್ಳುತ್ತಾನೆ. ಮುಂದೆ ನಿಜವಾದ ಕಳ್ಳ ಸಿಕ್ಕರೂ ಹುಡುಗನಿಗೆ ಹೋದ ಮಾನ ಮರಳುವುದಿಲ್ಲ. ಆದುದರಿಂದ ಗಂಟೆ ಏಕೆ ಕೂಗಲಿಲ್ಲ ಎಂಬುದನ್ನು ಮನುಷ್ಯನಿಗಿಂತ ಮುಂಚೆ ಯಂತ್ರವನ್ನೇ ಕೇಳಬೇಕೆಂಬುದು ನಮ್ಮ ಅಭಿಪ್ರಾಯ.

ನಮ್ಮ ನಾಡಿನಲ್ಲಿಯೇ ಈಚೆಗೆ ನಡೆದ ಎರಡು ದೊಡ್ಡ ಕಳವುಗಳನ್ನು ಇಲ್ಲಿ ನೆನೆಯುವುದು ಉಚಿತ. ಎರಡೂ ಬ್ಯಾಂಕಿನವು. ಆದರೂ ಅಂಗಡಿಕಾರರು ಅವುಗಳಿಂದ ಕಲಿಯಬೇಕಾದದ್ದು ಬಹಳವಿದೆ.

ಮೊದಲನೆಯದು ದಾವಣಗೆರೆ ಜಿಲ್ಲೆಯ ನ್ಯಾಮತಿಯದು. 2024ರ ಅಕ್ಟೋಬರ್ 28, ಸೋಮವಾರದಂದು ಅಲ್ಲಿಯ ಸ್ಟೇಟ್ ಬ್ಯಾಂಕಿನ ಬಾಗಿಲು ತೆರೆದಾಗ ಗಿರಾಕಿಗಳು ಅಡವಿಟ್ಟಿದ್ದ ಸುಮಾರು 17.7 ಕಿಲೋ ಬಂಗಾರ ಮಾಯವಾಗಿತ್ತು. ಅದರ ಬೆಲೆ ಸುಮಾರು 13 ಕೋಟಿ ರೂಪಾಯಿ. ಕಳ್ಳರು ಮುಂಬಾಗಿಲನ್ನು ಮುಟ್ಟಿರಲಿಲ್ಲ. ಕಿಟಕಿಯ ಕಬ್ಬಿಣದ ಸರಳುಗಳನ್ನು ಕತ್ತರಿಸಿ ಒಳಹೊಕ್ಕು, ಅಲಾರಮ್ಮಿನ ಹಾಗೂ ಕ್ಯಾಮರಾಗಳ ಸಂಪರ್ಕ ತಪ್ಪಿಸಿ, ಗ್ಯಾಸ್ ಕಟರಿನಿಂದ ಲಾಕರ್ ಕೊರೆದಿದ್ದರು. ಹೋಗುವಾಗ ಕ್ಯಾಮರಾದ ದೃಶ್ಯಗಳನ್ನು ದಾಖಲಿಸುವ ಪೆಟ್ಟಿಗೆಯನ್ನೇ ಹೊತ್ತೊಯ್ದರು. ಪೊಲೀಸ್ ನಾಯಿ ವಾಸನೆ ಹಿಡಿಯಬಾರದೆಂದು ಖಾರದ ಪುಡಿಯನ್ನೂ ಚೆಲ್ಲಿದ್ದರು! ಐದು ತಿಂಗಳು ಸುಳಿವು ಹುಡುಕಿದ ಪೊಲೀಸರು 2025ರ ಮಾರ್ಚ್ ಕೊನೆಯಲ್ಲಿ ಆರು ಜನರ ಬಂಧನವನ್ನು ಪ್ರಕಟಿಸಿದರು. ತಮಿಳುನಾಡಿನ ಮಧುರೈ ಜಿಲ್ಲೆಯ ಉಸಿಲಂಪಟ್ಟಿಯ ಬಳಿಯ ಬಾವಿಯೊಂದರಿಂದ ಬಂಗಾರದ ಬಹುಭಾಗವನ್ನು ಮೇಲೆತ್ತಲಾಯಿತು. ಪೊಲೀಸರು ಹೇಳಿದ ಪ್ರಕಾರ, ಪ್ರಮುಖ ಆರೋಪಿಯು ಅದೇ ಊರಿನಲ್ಲಿ ಸಿಹಿತಿಂಡಿಯ ವ್ಯಾಪಾರ ಮಾಡಿಕೊಂಡಿದ್ದವನು; ಅದೇ ಬ್ಯಾಂಕಿನಲ್ಲಿ ಸಾಲ ಕೇಳಿ ಸಿಗದೆ ಹಿಂದಿರುಗಿದವನು. ಬ್ಯಾಂಕಿನ ಒಳಗಿನವನಂತೂ ಅಲ್ಲ.

ಎರಡನೆಯದು ವಿಜಯಪುರ ಜಿಲ್ಲೆಯ ಬಸವನ ಬಾಗೇವಾಡಿ ತಾಲ್ಲೂಕಿನ ಮನಗೂಳಿಯದು. 2025ರ ಮೇ ತಿಂಗಳ ನಾಲ್ಕನೆಯ ಶನಿವಾರ ಮತ್ತು ರವಿವಾರಗಳ ರಜೆ ಮುಗಿಸಿ, 26ರಂದು ಕೆನರಾ ಬ್ಯಾಂಕಿನ ಶಾಖೆಯನ್ನು ತೆರೆದಾಗ ಸುಮಾರು 59 ಕಿಲೋ ಬಂಗಾರ ಕಳುವಾಗಿತ್ತು. ಅಲ್ಲಿ ಜೂನ್ ತಿಂಗಳಲ್ಲಿ ಪೊಲೀಸರು ಮೊದಲು ಹಿಡಿದವರಲ್ಲಿ ಆ ಶಾಖೆಯ ಹಿಂದಿನ ಮ್ಯಾನೇಜರರೇ ಇದ್ದರು. ನಕಲಿ ಕೀಲಿಗಳನ್ನು ಮಾಡಿಸಲಾಗಿತ್ತೆಂಬುದು ಪೊಲೀಸರ ಹೇಳಿಕೆ.

ಒಂದೆಡೆ ಹೊರಗಿನವರು, ಇನ್ನೊಂದೆಡೆ ಒಳಗನ್ನು ಬಲ್ಲವರು. ಎರಡೂ ಕಡೆ ಗಂಟೆ ಊರನ್ನು ಎಬ್ಬಿಸಲಿಲ್ಲ. ಗಂಟೆಯ ಮೌನವೊಂದರಿಂದಲೇ ಕಳ್ಳನ ಗುರುತು ಹೇಳಲು ಬಾರದು ಎಂಬುದಕ್ಕೆ ಇದಕ್ಕಿಂತ ಬೇರೆ ನಿದರ್ಶನ ಬೇಕೆ?

ಇನ್ನು ಯಂತ್ರದ ವಿಷಯ. 1853ರಲ್ಲಿ ಅಮೆರಿಕದ ಬಾಸ್ಟನ್ ನಗರದ ಕಡೆಯ ಆಗಸ್ಟಸ್ ಪೋಪ್ ಎಂಬಾತ ವಿದ್ಯುತ್ತಿನಿಂದ ಬಾರಿಸುವ ಕಳವಿನ ಗಂಟೆಗೆ ಪೇಟೆಂಟ್ ಪಡೆದನು. ಬಾಗಿಲು ತೆರೆದರೆ ವಿದ್ಯುತ್ತಿನ ಹಾದಿ ಕೂಡಿಕೊಂಡು ಗಂಟೆ ಬಾರಿಸುವ ಸರಳ ಉಪಾಯ ಅದು. ಇಂದಿನ ಪೆಟ್ಟಿಗೆಗಳ ಒಳಗೆ ಏನೇ ಇರಲಿ, ಮೂಲತತ್ತ್ವ ಬಹಳ ಬದಲಾಗಿಲ್ಲ. ಷಟರಿಗೆ ಒಂದು ಅಯಸ್ಕಾಂತ, ಚೌಕಟ್ಟಿಗೆ ಒಂದು ಚಿಕ್ಕ ಸ್ವಿಚ್ಚು. ಎರಡೂ ದೂರವಾದರೆ ಪೆಟ್ಟಿಗೆಗೆ ಸುದ್ದಿ ಮುಟ್ಟುತ್ತದೆ. ಕಳ್ಳನು ಷಟರನ್ನು ಬಿಟ್ಟು ಹಿಂಗೋಡೆ ಕೊರೆದು ಇಲ್ಲವೆ ಪತ್ರಾಸು ಸರಿಸಿ ಇಳಿದರೆ ಈ ಅಯಸ್ಕಾಂತ ಅಲುಗುವುದೇ ಇಲ್ಲ. ಅಲ್ಲಿ ಅಲಾರಂ ಕೆಟ್ಟಿತೆನ್ನುವುದು ಅನ್ಯಾಯ. ಆ ದಿಕ್ಕಿಗೆ ಕಾವಲು ಇಟ್ಟಿರಲಿಲ್ಲವೆನ್ನುವುದು ಸರಿ.

ವಯರಿನ ಜೋಡಣೆಯಲ್ಲಿಯೂ ಎರಡು ಬಗೆ. ಕಾಲುವೆಯಲ್ಲಿ ನೀರು ಸದಾ ಹರಿಯುತ್ತಿದ್ದು, ಅದು ನಿಂತೊಡನೆ ಎಲ್ಲಿಯೋ ಒಡ್ಡು ಒಡೆಯಿತೆಂದು ರೈತ ಅರಿಯುವಂತೆ, ಒಳ್ಳೆಯ ಜೋಡಣೆಯಲ್ಲಿ ವಿದ್ಯುತ್ತು ಸದಾ ಸುತ್ತುತ್ತಿರುತ್ತದೆ. ಕಳ್ಳ ಕತ್ತರಿಸಲಿ, ಇಲಿ ಕಡಿಯಲಿ, ಗಂಟೆ ಕೂಗುತ್ತದೆ. ಇನ್ನೊಂದು ಬಗೆಯಲ್ಲಿ ಕಳ್ಳ ಬಂದಾಗ ಮಾತ್ರ ವಿದ್ಯುತ್ತು ಹರಿಯಬೇಕು. ಅಂಥಲ್ಲಿ ಇಲಿ ಮೂರು ತಿಂಗಳ ಹಿಂದೆಯೇ ವಯರು ಕಡಿದಿದ್ದರೂ ಯಾರಿಗೂ ಗೊತ್ತಾಗದು. ಮೊದಲ ಬಗೆಯ ಜೋಡಣೆಯನ್ನು ಸಹ ಕೆಡಿಸುವ ದಾರಿಯುಂಟು. ಗಾಳಿಗೆ ಷಟರು ಅಲುಗಿ ರಾತ್ರಿಯೆಲ್ಲ ಸುಳ್ಳು ಕೂಗು ಬರುತ್ತದೆಂದು ದುರಸ್ತಿಗೆ ಬಂದವನು ಎರಡು ತುದಿಗಳನ್ನು ಕೂಡಿಸಿ ಗಂಟು ಹಾಕಿ ಹೋಗಿರುತ್ತಾನೆ. ಕೂಗು ನಿಂತಿತೆಂದು ಮಾಲೀಕರಿಗೆ ಸಂತೋಷ! ಗೋಕಾಕದಲ್ಲಿ 2019ರ ಆಗಸ್ಟ್ ತಿಂಗಳ ಮಹಾಪೂರದ ನೀರು ಹೊಕ್ಕ ಅಂಗಡಿಗಳಲ್ಲಿ ಹಳೆಯ ವಯರಿಂಗ್ ಇನ್ನೂ ಉಳಿದಿದ್ದರೆ, ಅದರ ಪ್ರತಿಯೊಂದು ಗಂಟನ್ನೂ ಬಿಚ್ಚಿ ನೋಡಿಸುವುದು ಮೇಲು. ತಾಮ್ರಕ್ಕೆ ಹಸಿರು ಕಿಲುಬು ಹಿಡಿದ ಮೇಲೆ ಅದನ್ನು ನಂಬುವಂತಿಲ್ಲ.

ಎಲ್ಲಕ್ಕಿಂತ ಹೆಚ್ಚು ಮೋಸ ಮಾಡುವುದು ಬ್ಯಾಟರಿ. ಗೋಕಾಕ ಜಲಪಾತದ ಬಳಿ 1887ರಷ್ಟು ಹಿಂದೆಯೇ ವಿದ್ಯುತ್ತು ಉತ್ಪಾದನೆಯಾಯಿತೆಂದು ಈ ಭಾಗದವರು ಹೆಮ್ಮೆಯಿಂದ ಹೇಳುತ್ತಾರೆ. ಹುಕ್ಕೇರಿಯಲ್ಲಂತೂ 1969ರಲ್ಲಿ ಜನರೇ ಗ್ರಾಮೀಣ ವಿದ್ಯುತ್ ಸಹಕಾರಿ ಸಂಘ ಕಟ್ಟಿಕೊಂಡರು. ಹೀಗಿದ್ದರೂ ಕರೆಂಟು ಹೋಗದ ಊರು ಯಾವುದಿದೆ? ಆ ಹೊತ್ತಿಗೆಂದೇ ಪೆಟ್ಟಿಗೆಯಲ್ಲಿ ಸಾಮಾನ್ಯವಾಗಿ 12 ವೋಲ್ಟ್, 7 ಆಂಪಿಯರ್-ಅವರ್ ಬ್ಯಾಟರಿ ಇರುತ್ತದೆ. ಪೆಟ್ಟಿಗೆಯೂ ಸೆನ್ಸರುಗಳೂ ಸೇರಿ 0.3 ಆಂಪಿಯರ್ ಎಳೆದರೆ ಹೊಸ ಬ್ಯಾಟರಿ ಲೆಕ್ಕದ ಪ್ರಕಾರ ಸುಮಾರು 23 ತಾಸು ಬಾಳಬೇಕು. ಆದರೆ ಇಂಥ ಸೀಸದ ಬ್ಯಾಟರಿಯ ಆಯುಷ್ಯ ಮೂರರಿಂದ ಐದು ವರ್ಷ. ನಮ್ಮ ಬೇಸಿಗೆಯಲ್ಲಿ, ಮುಚ್ಚಿದ ಅಂಗಡಿಯ ಕಾವಿನಲ್ಲಿ, ಇನ್ನೂ ಕಡಿಮೆ. ಶಕ್ತಿ ಮೂರರಲ್ಲೊಂದು ಪಾಲಿಗೆ ಇಳಿದ ಬ್ಯಾಟರಿ ಏಳೆಂಟು ತಾಸಿನಲ್ಲಿ ಕೈಕೊಡುತ್ತದೆ. ಶನಿವಾರ ರಾತ್ರಿ ಕರೆಂಟು ಹೋದರೆ ರವಿವಾರದ ಬೆಳಗಿಗೆ ಪೆಟ್ಟಿಗೆ ನಿರ್ಜೀವ. ಮೀಟರಿನಲ್ಲಿ ನೋಡಿದರೆ ಇದೇ ಬ್ಯಾಟರಿ 12.6 ವೋಲ್ಟ್ ತೋರಿಸಿ ಆರೋಗ್ಯವಂತನಂತೆ ನಟಿಸಬಹುದು. ಸೈರನ್ ಕೂಗತೊಡಗಿದಾಗಲೇ ಅದರ ಬಣ್ಣ ಬಯಲಾಗುವುದು.

ಮೈಶಾಖವನ್ನು ಕಂಡು ಎಚ್ಚರಿಸುವ ಸೆನ್ಸರಿಗೂ ಒಂದು ದೌರ್ಬಲ್ಯವಿದೆ. ಅದು ಗುರುತಿಸುವುದು ಮನುಷ್ಯನ ಶಾಖಕ್ಕೂ ಕೋಣೆಯ ಶಾಖಕ್ಕೂ ಇರುವ ವ್ಯತ್ಯಾಸವನ್ನು. ವೈಶಾಖದ ರಾತ್ರಿ ತಗಡಿನ ಮಾಡಿನ ಕೆಳಗೆ ಎರಡೂ ಸಮೀಪಿಸಿದರೆ ಅದರ ಕಣ್ಣು ಮಂಜಾಗುತ್ತದೆ. ಅದರ ಮುಂದೆ ಸರಕಿನ ಪೆಟ್ಟಿಗೆಗಳನ್ನು ಪೇರಿಸಿಟ್ಟರೆ ಹೇಳುವುದೇ ಬೇಡ. ಮಾಲೀಕರ ಮೊಬೈಲಿಗೆ ಕರೆ ಮಾಡುವ ಯಂತ್ರದಲ್ಲಿ ಒಂದು ಸಿಮ್ ಇರುತ್ತದೆ. ಅದಕ್ಕೆ ರೀಚಾರ್ಜ್ ಮಾಡಿಸಬೇಕೆಂಬುದನ್ನು ಮನೆಮಂದಿಯೆಲ್ಲ ಮರೆತಿರುತ್ತಾರೆ.

ಕಳವಾದ ಬೆಳಿಗ್ಗೆ ಮಾಡಬೇಕಾದದ್ದು ಇಷ್ಟೇ: 112ಕ್ಕೆ ಕರೆ ಮಾಡುವುದು, ಒಳಗೆ ಕಾಲಿಡದಿರುವುದು, ಪೊಲೀಸರ ಪಂಚನಾಮೆ ಮುಗಿಯುವವರೆಗೆ ಅಲಾರಂ ಪೆಟ್ಟಿಗೆಯನ್ನು ಯಾರಿಗೂ ಮುಟ್ಟಗೊಡದಿರುವುದು. ಹಾಕಿಕೊಟ್ಟ ಕಂಪನಿಯ ಹುಡುಗ ಓಡಿ ಬಂದು ಅದನ್ನು 'ಸರಿ' ಮಾಡಿದರೆ ಸಾಕ್ಷಿಯೂ ಅಳಿಸಿ ಹೋಗಬಹುದು. ಬಹುಪಾಲು ಪೆಟ್ಟಿಗೆಗಳು ಎಷ್ಟು ಗಂಟೆಗೆ ಕರೆಂಟು ಹೋಯಿತು, ಬ್ಯಾಟರಿ ಯಾವಾಗ ಇಳಿಯಿತು, ಯಾರ ಸಂಖ್ಯೆಯಿಂದ ಅಲಾರಂ ಬಂದ್ ಆಯಿತು ಎಂಬುದನ್ನೆಲ್ಲ ನೆನಪಿಟ್ಟುಕೊಂಡಿರುತ್ತವೆ. ಆ ದಾಖಲೆಯ ಪ್ರತಿ ನ್ಯಾಯಾಲಯದಲ್ಲಿ ನಿಲ್ಲಬೇಕಾದರೆ 2023ರ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೆಯ ಕಲಮಿನ ಪ್ರಮಾಣಪತ್ರ ಜೊತೆಗಿರಬೇಕು. ಪೆಟ್ಟಿಗೆಯ ಗಡಿಯಾರ ಎಷ್ಟು ನಿಮಿಷ ಹಿಂದು-ಮುಂದಾಗಿದೆ ಎಂಬುದನ್ನೂ ಅಂದೇ ಬರೆದಿಡಬೇಕು. ಆಳುಮಗನು ಹತ್ತಕ್ಕೆ ಬೀಗ ಹಾಕಿ ಮನೆಗೆ ಹೋಗಿದ್ದು, ಗಡಿಯಾರದ ತಪ್ಪಿನಿಂದ ಅದು ಹನ್ನೊಂದೂವರೆ ಎಂದು ದಾಖಲಾಗಿದ್ದರೆ ಅವನ ಗತಿಯೇನು?

ರಹಸ್ಯ ಸಂಖ್ಯೆಯೊಂದನ್ನೇ ಮಾಲೀಕರು, ಮಕ್ಕಳು, ಗುಮಾಸ್ತರು, ಆಳುಗಳು ಎಲ್ಲರೂ ಬಳಸುವ ಅಂಗಡಿಗಳು ಬೇಕಾದಷ್ಟಿವೆ. ಅಂಥಲ್ಲಿ ಯಾರು ಬಂದ್ ಮಾಡಿದರೆಂದು ಯಂತ್ರ ಹೇಳಲಾರದು. ಒಬ್ಬೊಬ್ಬರಿಗೆ ಒಂದೊಂದು ಸಂಖ್ಯೆ ಕೊಡಬೇಕು. ಕೆಲಸ ಬಿಟ್ಟವರ ಸಂಖ್ಯೆಯನ್ನು ಅದೇ ಸಂಜೆ ತೆಗೆಸಬೇಕು, ಕೀಲಿಯನ್ನು ಬದಲಿಸಬೇಕು. ಮನಗೂಳಿಯ ಪ್ರಕರಣವನ್ನು ಓದಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಅಮಾವಾಸ್ಯೆಯಂದು ಅಂಗಡಿ ಪೂಜೆ ಮಾಡುವ ರೂಢಿ ನಮ್ಮಲ್ಲಿ ಇದ್ದೇ ಇದೆ. ಅಂದು ಸಂಜೆ ಮೇನ್ ಸ್ವಿಚ್ ತೆಗೆದು ಪೆಟ್ಟಿಗೆಯನ್ನು ಎರಡು ತಾಸು ಬ್ಯಾಟರಿಯ ಮೇಲೆಯೇ ಬಿಟ್ಟು, ಬಳಿಕ ಷಟರು, ಹಿಂಬಾಗಿಲು, ಕಿಟಕಿಗಳನ್ನು ಒಂದೊಂದಾಗಿ ತೆರೆದು ಸೈರನ್ ಕೂಗಿಸಿ ನೋಡಬೇಕು. ಬ್ಯಾಟರಿ ಹಾಕಿದ ತಾರೀಖನ್ನು ಅದರ ಮೈಮೇಲೆಯೇ ಬಣ್ಣದಿಂದ ಬರೆಯಬೇಕು. ಕೂಗಿಸುವ ಮುನ್ನ ನೆರೆಯ ಅಂಗಡಿಯವರಿಗೆ ಒಂದು ಮಾತು ಹೇಳಿರಲಿ. ಇಲ್ಲವಾದರೆ ಅವರು ಬಡಿಗೆ ಹಿಡಿದು ಬಂದಾರು.