ಮೂರು ವಾರದ ಚಿಕಿತ್ಸೆ, ಉಳಿದ ನಲವತ್ತೊಂಬತ್ತು ವಾರ

ರಮಝಾನ್ ಹತ್ತಿರ ಬಂತೆಂದರೆ ನಮ್ಮ ವಾಟ್ಸ್‌ಆ್ಯಪ್ ಗ್ರೂಪುಗಳಲ್ಲಿ ಒಂದು ಬಗೆಯ ವಿಡಿಯೋ ಓಡಾಡಲು ಶುರುವಾಗುತ್ತದೆ. ಮೂರೋ ನಾಲ್ಕೋ ವರ್ಷದ ಮಗು, ಕುತ್ತಿಗೆ ನಿಂತಿಲ್ಲ, ಕಾಲು ಕತ್ತರಿಯ ಹಾಗೆ ಹೆಣೆದುಕೊಂಡಿದೆ. ಪಕ್ಕದಲ್ಲಿ ಉಮ್ಮ. ಇಷ್ಟು ಲಕ್ಷ ಕೂಡಿದರೆ ದೊಡ್ಡ ಊರಿನ ಸೆಂಟರಿನಲ್ಲಿ ಚಿಕಿತ್ಸೆ ಕೊಡಿಸಬಹುದು, ಮಗು ನಡೆಯುತ್ತದೆ ಎಂಬ ಮನವಿ. ದುಬೈಯಿಂದ, ಜುಬೈಲಿನಿಂದ ಹಣ ಬರುತ್ತದೆ. ಜಮಾಅತಿನವರೂ ಕೂಡಿಸುತ್ತಾರೆ. ಕೊಡುವುದರಲ್ಲಿ ನಮ್ಮವರು ಹಿಂದೆ ಬಿದ್ದವರಲ್ಲ. ಆದರೆ ಆ ಹಣದಿಂದ ಮಗುವಿಗೆ ನಿಜವಾಗಿ ಏನು ಸಿಕ್ಕಿತು ಅಂತ ಕೇಳುವವರು ಕಡಿಮೆ. ಕೇಳಿದರೆ ಮಗುವಿನ ದಾರಿಗೆ ಅಡ್ಡ ಬಂದ ಹಾಗೆ ಕಾಣುತ್ತದೋ ಎಂಬ ಸಂಕೋಚ.

ಈ ಮಕ್ಕಳಲ್ಲಿ ಹೆಚ್ಚಿನವರಿಗೆ ಇರುವುದು ಸೆರೆಬ್ರಲ್ ಪಾಲ್ಸಿ. ಹುಟ್ಟುವ ಮೊದಲೋ, ಹೆರಿಗೆಯ ಹೊತ್ತಿನಲ್ಲೋ, ಹುಟ್ಟಿದ ಸ್ವಲ್ಪ ಸಮಯದೊಳಗೋ ಮೆದುಳಿಗೆ ಆದ ಪೆಟ್ಟು. ತಿಂಗಳು ತುಂಬದೆ ಹುಟ್ಟಿದ್ದು, ಉಸಿರು ಕಟ್ಟಿದ್ದು, ವಿಪರೀತಕ್ಕೆ ಹೋದ ಕಾಮಾಲೆ, ಹೀಗೆ ಕಾರಣ ಹಲವು. ಆ ಪೆಟ್ಟು ಬೆಳೆಯುವುದಿಲ್ಲ, ಮಾಯುವುದೂ ಇಲ್ಲ. ಆದರೆ ಮಗು ಬೆಳೆಯುತ್ತದೆ, ಮೂಳೆ ಉದ್ದವಾಗುತ್ತದೆ, ಬಿಗಿಯಾದ ಸ್ನಾಯು ಆ ವೇಗಕ್ಕೆ ಹೊಂದಿಕೊಳ್ಳುವುದಿಲ್ಲ. ಹಾಗಾಗಿ ಎರಡು ವರ್ಷದಲ್ಲಿ ಸಣ್ಣದಾಗಿ ಕಂಡದ್ದು ಹತ್ತು ವರ್ಷದಲ್ಲಿ ದೊಡ್ಡದಾಗಿ ಕಾಣುತ್ತದೆ.

ಈಗ ಬಹಳ ಹೆಸರು ಮಾಡಿರುವುದು ‘ಇಂಟೆನ್ಸಿವ್ ಥೆರಪಿ’. ದಿನಕ್ಕೆ ಮೂರು ನಾಲ್ಕು ಗಂಟೆ, ವಾರಕ್ಕೆ ಐದು ದಿನ, ಮೂರೋ ನಾಲ್ಕೋ ವಾರ. ಕೆಲವು ಕಡೆ ರಬ್ಬರ್ ಪಟ್ಟಿಗಳಿರುವ ಬಿಗಿ ಉಡುಪು ತೊಡಿಸಿ ವ್ಯಾಯಾಮ ಮಾಡಿಸುತ್ತಾರೆ. ಆ ಉಡುಪಿನ ಮೂಲ ಸೋವಿಯತ್ ಗಗನಯಾತ್ರಿಗಳದ್ದು. ತೂಕವಿಲ್ಲದ ಕಡೆ ಸ್ನಾಯು ಸೊರಗದಿರಲಿ ಅಂತ ಮಾಡಿದ್ದನ್ನು 1990ರ ದಶಕದ ಆರಂಭದಲ್ಲಿ ಈ ಮಕ್ಕಳಿಗೆ ಹೊಂದಿಸಿದರು. ಕೇಳಲಿಕ್ಕೆ ಚೆಂದ, ಜಾಹೀರಾತಿಗೆ ಇನ್ನೂ ಚೆಂದ. 2006ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ 24 ಮಕ್ಕಳನ್ನು ಎರಡು ಗುಂಪು ಮಾಡಿ, ಒಂದು ಗುಂಪಿಗೆ ಉಡುಪಿನ ಚಿಕಿತ್ಸೆ, ಇನ್ನೊಂದಕ್ಕೆ ಅಷ್ಟೇ ಹೊತ್ತಿನ ಬೇರೆ ಥೆರಪಿ, ನಾಲ್ಕು ವಾರ ಕೊಟ್ಟರು. ಎರಡು ಗುಂಪಿನ ಮಕ್ಕಳ ಚಲನೆಯಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ಅಂದರೆ ಏನಾದರೂ ಕೆಲಸ ಮಾಡಿದ್ದಿದ್ದರೆ ಅದು ಗಂಟೆಗಟ್ಟಲೆ ಅಭ್ಯಾಸ, ಉಡುಪಲ್ಲ.

ಹಾಗಂತ ತೀವ್ರ ಅಭ್ಯಾಸವೇ ಮೋಸ ಅಂತ ಹೇಳುವುದು ತಪ್ಪಾಗುತ್ತದೆ. ಒಂದು ಬದಿಯ ಕೈ ಮಾತ್ರ ಸೋತ ಮಕ್ಕಳಿಗೆ, ಚೆನ್ನಾಗಿರುವ ಕೈಗೆ ಕೈಚೀಲ ಹಾಕಿ, ಸೋತ ಕೈಯಿಂದಲೇ ಆಡಿಸುವ, ತಿನ್ನಿಸುವ ಪದ್ಧತಿಯಿದೆ. ಒಟ್ಟು ಮೂವತ್ತು ನಲವತ್ತು ಗಂಟೆ ಹೀಗೆ ಮಾಡಿಸಿದರೆ ಕೈ ಬಳಕೆ ಉತ್ತಮವಾಗುತ್ತದೆಂದು ಹಲವು ಅಧ್ಯಯನಗಳು ತೋರಿಸಿವೆ. ಆಸ್ಟ್ರೇಲಿಯಾದ ಅಯೋನಾ ನೋವಾಕ್ ಮತ್ತು ಸಂಗಡಿಗರು 2013ರಲ್ಲಿ, ಮತ್ತೆ 2020ರಲ್ಲಿ ಈ ಕ್ಷೇತ್ರದ ಚಿಕಿತ್ಸೆಗಳನ್ನೆಲ್ಲ ಪರಿಶೀಲಿಸಿ ಟ್ರಾಫಿಕ್ ಲೈಟಿನ ಹಾಗೆ ಹಸಿರು, ಹಳದಿ, ಕೆಂಪು ಎಂದು ವಿಂಗಡಿಸಿದರು. ಹಸಿರಿನಲ್ಲಿ ಬಂದದ್ದು ಮಗು ತಾನೇ ಮೈ ಆಡಿಸಿ, ತನಗೆ ಬೇಕಾದ ಕೆಲಸವನ್ನೇ ಮತ್ತೆ ಮತ್ತೆ ಮಾಡಿ ಕಲಿಯುವ ಅಭ್ಯಾಸಗಳು. ಮನೆಯಲ್ಲಿ ಮಾಡಿಸುವ ಅಭ್ಯಾಸವೂ ಅದರಲ್ಲಿದೆ. ಮಗುವನ್ನು ಮಲಗಿಸಿ ಬೇರೆಯವರು ಕೈಕಾಲು ಎಳೆದು ಬಿಡುವ ವ್ಯಾಯಾಮಕ್ಕೆ ಅಷ್ಟು ಬೆಲೆ ಸಿಗಲಿಲ್ಲ. ನಮ್ಮಲ್ಲಿ ಎಣ್ಣೆ ತಿಕ್ಕಿ ಎಳೆಯುವುದೇ ಥೆರಪಿ ಅಂತ ನಂಬಿದ ಮನೆಗಳು ಎಷ್ಟಿಲ್ಲ?

ಆಮ್ಲಜನಕದ ಒತ್ತಡದ ಕೋಣೆಯೂ ಕೆಂಪು ಪಟ್ಟಿಯಲ್ಲಿದೆ. 2001ರಲ್ಲಿ ಕೆನಡಾದಲ್ಲಿ 111 ಮಕ್ಕಳ ಮೇಲೆ ಇದನ್ನು ಪರೀಕ್ಷಿಸಿದರು. ಶುದ್ಧ ಆಮ್ಲಜನಕ ಸಿಕ್ಕವರೂ ಸುಧಾರಿಸಿದರು, ಸ್ವಲ್ಪ ಒತ್ತಡದ ಸಾದಾ ಗಾಳಿ ಸಿಕ್ಕವರೂ ಅಷ್ಟೇ ಸುಧಾರಿಸಿದರು! ಸ್ಟೆಮ್ ಸೆಲ್ ವಿಷಯದಲ್ಲಿ ಐಸಿಎಂಆರ್‌ನ 2017ರ ಮಾರ್ಗಸೂಚಿ ಸ್ಪಷ್ಟವಾಗಿದೆ. ಸೆರೆಬ್ರಲ್ ಪಾಲ್ಸಿಗೆ ಅದನ್ನು ಅನುಮತಿ ಪಡೆದ ಸಂಶೋಧನೆಯಲ್ಲಿ ಮಾತ್ರ ಬಳಸಬಹುದು, ಚಿಕಿತ್ಸೆ ಎಂದು ಮಾರುವ ಹಾಗಿಲ್ಲ. ಆದರೂ ದೊಡ್ಡ ಮೊತ್ತದ ಮನವಿಗಳಲ್ಲಿ ಇದೇ ಹೆಸರು ಆಗಾಗ ಕಣ್ಣಿಗೆ ಬೀಳುತ್ತದೆ.

ಸಂಖ್ಯೆಗಿಂತ ನನ್ನನ್ನು ಕಾಡುವುದು ಮೂರು ವಾರ ಮುಗಿದ ಮೇಲಿನ ಕಥೆ. ತಂದೆ ಗಲ್ಫಿನಲ್ಲಿ. ಅಲ್ಲಿ ಥೆರಪಿಯ ಖರ್ಚು ತಾಳದು ಅಂತ ತಾಯಿ ಮಗುವನ್ನು ಊರಿಗೆ ಕಳಿಸಿರುತ್ತಾರೆ. ಸೆಂಟರಿನಿಂದ ಬಂದ ತಿಂಗಳು ಮನೆಯಲ್ಲಿ ಸಂಭ್ರಮ, ಮಗು ಗೋಡೆ ಹಿಡಿದು ನಿಂತಿದೆ. ಆಮೇಲೆ ಮಳೆಗಾಲ. ಒಳರಸ್ತೆಯಿಂದ ಪೇಟೆಗೆ ಬರಲು ಖಾಸಗಿ ಬಸ್ಸು, ಆರು ವರ್ಷದ ಮಗುವನ್ನು ಸೊಂಟದಲ್ಲಿ ಹೊತ್ತು ಆ ಮೆಟ್ಟಿಲು ಹತ್ತುವುದು ಒಂದು ಸಲ ನೋಡಬೇಕು ಮಾರಾಯ್ರೆ. ರಿಕ್ಷಾಕ್ಕೆ ವಾರಕ್ಕೆ ಎರಡು ಸಲ ಕೊಡಲಿಕ್ಕೆ ಯಾರ ಹತ್ತಿರ ಇದೆ? ಲಕ್ಷ ಕೂಡಿಸಿದ ಗ್ರೂಪಿನಲ್ಲಿ ರಿಕ್ಷಾ ಬಾಡಿಗೆಗೆ ಮನವಿ ಬಂದದ್ದನ್ನು ನಾನಂತೂ ಕಂಡಿಲ್ಲ. ಫಿಸಿಯೋ ನಿಲ್ಲುತ್ತದೆ, ವರ್ಷದೊಳಗೆ ಮಗು ಮತ್ತೆ ಚಾಪೆಯಲ್ಲಿ. ಅಷ್ಟಕ್ಕೆ ಉಮ್ಮನದ್ದೇ ಅಸಡ್ಡೆ ಅಂತ ಹೇಳುವ ನೆಂಟರಿಗೂ ಕೊರತೆಯಿಲ್ಲ.

ಇನ್ನೊಂದು ನಷ್ಟ ಸದ್ದಿಲ್ಲದೆ ಆಗುತ್ತದೆ. ಈ ಮಕ್ಕಳಲ್ಲಿ ಸುಮಾರು ಮೂರರಲ್ಲಿ ಒಬ್ಬರಿಗೆ ಸೊಂಟದ ಕೀಲು ನಿಧಾನಕ್ಕೆ ಜಾರುತ್ತದೆ. ನಡೆಯಲಾಗದವರಲ್ಲಿ ಇನ್ನೂ ಜಾಸ್ತಿ. ಮೊದಮೊದಲು ನೋವೂ ಇರುವುದಿಲ್ಲ, ಎಕ್ಸ್‌ರೇಯಲ್ಲಿ ಮಾತ್ರ ಕಾಣುತ್ತದೆ. ಸ್ವೀಡನ್ನಿನಲ್ಲಿ 1994ರಿಂದ ಇಂಥ ಮಕ್ಕಳನ್ನು ಪಟ್ಟಿ ಮಾಡಿ, ಗೊತ್ತಾದ ಸಮಯಕ್ಕೆ ಎಕ್ಸ್‌ರೇ ತೆಗೆದು ನೋಡುತ್ತ ಬಂದು ಕೀಲು ಪೂರ್ತಿ ತಪ್ಪುವುದನ್ನು ಬಹುಮಟ್ಟಿಗೆ ತಡೆದಿದ್ದಾರೆ. ಒಂದು ಎಕ್ಸ್‌ರೇಗೆ ಎಷ್ಟು ಖರ್ಚು ಮಹಾ? ಹಾಗೆಯೇ, ಬೆಳಗ್ಗೆ ಚೆನ್ನಾಗಿದ್ದು ಸಂಜೆಗೆ ಕಾಲು ಸೊಟ್ಟಗಾಗುವ ಮಗುವಿದ್ದರೆ ಮಕ್ಕಳ ನರರೋಗ ತಜ್ಞರಿಗೆ ಅದನ್ನು ಬಿಡದೆ ಹೇಳಿ. ಅಪರೂಪಕ್ಕೆ ಅದು ಸೆರೆಬ್ರಲ್ ಪಾಲ್ಸಿ ಆಗಿರದೆ, ಲೆವೊಡೋಪಾ ಎಂಬ ಮಾತ್ರೆಗೆ ಚೆನ್ನಾಗಿ ಬಗ್ಗುವ ಬೇರೆ ಕಾಯಿಲೆ ಆಗಿರಬಹುದು.

ಸರ್ಕಾರದ ಕಡೆಯಿಂದ ಏನೂ ಇಲ್ಲ ಅನ್ನುವುದೂ ಪೂರ್ತಿ ನಿಜವಲ್ಲ. ರಾಷ್ಟ್ರೀಯ ನ್ಯಾಸದ ‘ನಿರಾಮಯ’ ವಿಮೆಯಲ್ಲಿ ವರ್ಷಕ್ಕೆ ಒಂದು ಲಕ್ಷ ರೂಪಾಯಿವರೆಗೆ ರಕ್ಷಣೆಯಿದೆ, ಸೆರೆಬ್ರಲ್ ಪಾಲ್ಸಿ ಅದರಲ್ಲಿ ಸೇರಿದೆ, ಥೆರಪಿಗೂ ಅದರಲ್ಲಿ ಒಂದು ಪಾಲಿದೆ. ತೊಡಕೇನೆಂದರೆ ಮೊದಲು ನಾವು ಖರ್ಚು ಮಾಡಿ ಆಮೇಲೆ ಬಿಲ್ ಕಳಿಸಬೇಕು. ಅರ್ಜಿ ತುಂಬಿಸಲಿಕ್ಕೆ, ಬಿಲ್ ಜೋಡಿಸಲಿಕ್ಕೆ ಯಾರಾದರೂ ಕೂತು ಸಹಾಯ ಮಾಡಬೇಕು. ಜಿಲ್ಲಾ ಆಸ್ಪತ್ರೆಗಳಲ್ಲಿ ಮಕ್ಕಳ ಬೆಳವಣಿಗೆಯ ತೊಂದರೆ ಬೇಗ ಪತ್ತೆಹಚ್ಚುವ ಕೇಂದ್ರ ಇರಬೇಕೆಂಬುದು 2013ರಲ್ಲಿ ಶುರುವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ನಿಯಮ. ಶಾಲೆಗೆ ಹೋಗುವ ವಯಸ್ಸಿನವರಿಗೆ ಬಿಆರ್‌ಸಿಯಲ್ಲಿ ವಿಚಾರಿಸಿ.

ಜಮಾಅತ್ ಕಮಿಟಿಗಳಲ್ಲಿ ಕೂರುವವರಿಗೆ ನನ್ನದೊಂದು ಮಾತು. ಮುಂದಿನ ಸಲ ಮನವಿ ಬಂದರೆ ಸೆಂಟರಿನವರ ಹತ್ತಿರ ಇಷ್ಟು ಕೇಳಿ: ಈ ಮಗು ಏನು ಮಾಡಲು ಕಲಿಯಬೇಕೆಂದು ಗುರಿ ಇಟ್ಟಿದ್ದೀರಿ, ಅದನ್ನು ಹೇಗೆ ಅಳೆಯುತ್ತೀರಿ, ಮನೆಗೆ ಹೋದ ಮೇಲೆ ಉಮ್ಮನಿಗೆ ಏನು ಕಲಿಸಿ ಕಳಿಸುತ್ತೀರಿ. ‘ನಡೆಸಿಯೇ ಕಳಿಸುತ್ತೇವೆ’ ಎಂದು ಎಲ್ಲರಿಗೂ ಒಂದೇ ಉತ್ತರ ಕೊಡುವವರಿಗೆ ಹಣ ಕಟ್ಟುವ ಮೊದಲು ಯೋಚಿಸಿ. ಎಲ್ಲ ಮಕ್ಕಳೂ ನಡೆಯುವುದಿಲ್ಲ. ನೆಟ್ಟಗೆ ಕೂತು ಕೈಯಾರೆ ಉಣ್ಣುವುದು, ಶಾಲೆಯ ಬೆಂಚಿನಲ್ಲಿ ಕೂರುವುದು ಕೆಲವು ಮಕ್ಕಳ ಪಾಲಿಗೆ ಅದಕ್ಕಿಂತ ದೊಡ್ಡ ಗುರಿ.

ಕೂಡಿದ್ದರಲ್ಲಿ ಅರ್ಧವನ್ನಾದರೂ ವರ್ಷದುದ್ದಕ್ಕೆ ಹಂಚಿ: ವಾರದ ಫಿಸಿಯೋ, ರಿಕ್ಷಾ ಬಾಡಿಗೆ, ವರ್ಷಕ್ಕೊಂದು ಎಕ್ಸ್‌ರೇ. ಬೆನ್ನಿಗೆ ಆನಿಕೆ, ಎದುರಿಗೆ ಹಲಗೆ ಇರುವ ಕುರ್ಚಿಯೂ ಅದರಲ್ಲಿ ಸೇರಲಿ. ಫಿಸಿಯೋ ಅಳತೆ ಬರೆದು ಕೊಟ್ಟರೆ ಊರಿನ ಬಡಗಿಯೇ ಅದನ್ನು ಮಾಡಿ ಕೊಡುತ್ತಾನೆ. ಮರದ ವ್ಯಾಪಾರ ನಮ್ಮವರಿಗೆ ಹೊಸತೇನಲ್ಲವಲ್ಲ.