ಅಂಗಿಯ ಗುಂಡಿ, ಕಸದ ಗುಂಡಿ

ಅಂಗಿಗೆ ಹಚ್ಚುವುದೂ ಗುಂಡಿ, ನೆಲದಲ್ಲಿ ತೋಡುವುದೂ ಗುಂಡಿ. ಮೊದಲನೆಯದು ಕಿತ್ತುಹೋದರೆ ಅಂಗಿಯೇ ಎರಡನೆಯದರ ಪಾಲಾಗುವ ಕಾಲ ಬೆಳಗಾವಿ ನಗರಕ್ಕೆ ಬಂದಿದೆ. ಬಣ್ಣ ಮಾಸಿಲ್ಲ, ಕಾಲರು ಹರಿದಿಲ್ಲ, ಹೋದದ್ದು ಒಂದೇ ಗುಂಡಿ. ಆದರೂ ಅಂಗಿ ಹಳೆಬಟ್ಟೆಯ ಗಂಟಿಗೆ ಸೇರುತ್ತದೆ, ಕೆಲಕಾಲ ನೆಲ ಒರೆಸುವ ಅರಿವೆಯಾಗುತ್ತದೆ, ಕೊನೆಗೆ ನಗರದ ಉಳಿದೆಲ್ಲ ಕಸದೊಡನೆ ತುರಮುರಿಯ ಹಾದಿ ಹಿಡಿಯುತ್ತದೆ.

‘ಒಂದು ಗುಂಡಿಗೆ ಇಷ್ಟು ಗದ್ದಲವೇ?’ ಎನ್ನುವವರಿಗೆ ಲೆಕ್ಕವೊಂದಿದೆ. ಒಂದು ಕಿಲೋ ಹತ್ತಿಬಟ್ಟೆಯ ಹಿಂದೆ ಜಾಗತಿಕ ಸರಾಸರಿಯಂತೆ ಸುಮಾರು 10,000 ಲೀಟರ್ ನೀರಿದೆ. ಕಾಲು ಕಿಲೋ ತೂಗುವ ಅಂಗಿಯ ಹಿಂದೆ 2,500 ಲೀಟರ್. ಮಳೆಯಾಶ್ರಿತ ಹೊಲದ ಹತ್ತಿಯಾದರೆ ಇದರಲ್ಲಿ ಬಹುಪಾಲು ಮಳೆನೀರು ಎಂಬ ವಾದ ಸರಿಯೇ. ಆದರೆ ಮಳೆನೀರೂ ನೀರೇ. ಅದು ಬಿದ್ದ ಹೊಲ ಹತ್ತಿಯ ಬದಲು ಜೋಳ ಬೆಳೆಯಬಹುದಿತ್ತು. ಇನ್ನು ಪಾಲಿಯೆಸ್ಟರ್ ಬೆರೆತ ಅಂಗಿಯಾದರೆ ನೀರಿನ ಲೆಕ್ಕ ಇಳಿದೀತು, ಆದರೆ ಅದರ ಎಳೆ ಮಣ್ಣಿನಲ್ಲಿ ಕರಗದು.

ಖಾನಾಪುರ ತಾಲೂಕಿನ ಕಣಕುಂಬಿಯಲ್ಲಿ ಹುಟ್ಟುವ ಮಲಪ್ರಭೆಗೆ ನೀರು ಸಾಲದೆಂದು ಅದೇ ತಾಲೂಕಿನ ಕಾಡಿನ ಕಳಸಾ, ಬಂಡೂರಿ ಹಳ್ಳಗಳನ್ನು ತಿರುಗಿಸುವ ಯೋಜನೆ ಇದೆ. ಮಹದಾಯಿ ನ್ಯಾಯಮಂಡಳಿ 2018ರಲ್ಲಿ ಇದಕ್ಕೆ 3.9 ಟಿಎಂಸಿ ಹಂಚಿತು. ಗುಂಡಿ ಹಚ್ಚಿದೊಡನೆ ಈ ಲೆಕ್ಕ ಬದಲಾದೀತೆಂದು ಯಾರೂ ಹೇಳುತ್ತಿಲ್ಲ. ಆದರೆ ನೀರಿನ ಬರದ ಬಗ್ಗೆ ವೇದಿಕೆಯೇರಿ ಕಣ್ಣೀರಿಡುವವರಲ್ಲಿ, ಹಾಗೆಯೇ ಕಾಡಿನ ಪರವಾಗಿ ಘೋಷಣೆ ಕೂಗುವವರಲ್ಲಿ, ಕಳೆದ ವರ್ಷ ಒಂದು ಗುಂಡಿಗಾಗಿ ಅಂಗಿಯನ್ನೇ ಬಿಸಾಡದವರು ಎಷ್ಟು ಮಂದಿ?

ಗುಂಡಿ ಕೀಳುವುದು ಉಡುವವನ ಅಜಾಗರೂಕತೆಯಿಂದ ಎಂಬುದು ಅರ್ಧಸತ್ಯ. ಸಿದ್ಧ ಉಡುಪಿನ ಕಾರ್ಖಾನೆಗಳಲ್ಲಿ ಗುಂಡಿ ಹಚ್ಚುವ ಅನೇಕ ಯಂತ್ರಗಳು ಒಂದೇ ಎಳೆಯ ಸರಪಳಿ ಹೊಲಿಗೆ ಹಾಕುತ್ತವೆ. ಕೆಲವೇ ಕ್ಷಣಗಳ ಕೆಲಸ. ಒಳಬದಿಯಲ್ಲಿ ಎಳೆಯ ತುದಿ ಒಮ್ಮೆ ಸಡಿಲಾಯಿತೆಂದರೆ ಸಾಕು, ಎಳೆದಂತೆಲ್ಲ ಹೊಲಿಗೆ ಸರಸರನೆ ಬಿಚ್ಚಿಕೊಳ್ಳುತ್ತದೆ. ಎರಡೆಳೆಯನ್ನು ಒಂದಕ್ಕೊಂದು ಬಿಗಿಯುವ ಯಂತ್ರಗಳಿಲ್ಲವೆಂದಲ್ಲ. ಅವುಗಳ ಖರ್ಚು ಹೆಚ್ಚು. ಅಂಗಿಯ ಒಳಮಗ್ಗುಲಲ್ಲಿ ಒಂದು ಹೆಚ್ಚುವರಿ ಗುಂಡಿ ಹಚ್ಚಿ ಕಳಿಸುತ್ತಾರಲ್ಲ, ಕಿತ್ತುಹೋಗುವ ಸಂಗತಿ ತಯಾರಕನಿಗೆ ಮೊದಲೇ ಗೊತ್ತೆಂಬುದಕ್ಕೆ ಬೇರೆ ಸಾಕ್ಷಿ ಬೇಕೆ? ದರ್ಜಿಗಳೇ ಅಂಗಿ ಹೊಲಿಯುತ್ತಿದ್ದಾಗ ಕಾಜ-ಗುಂಡಿಯ ಕೆಲಸ ಎಷ್ಟೋ ಬಡ ಹೆಂಗಸರಿಗೆ ಮನೆಯಲ್ಲೇ ನಾಲ್ಕು ಕಾಸು ತರುತ್ತಿತ್ತು. ಆ ಕಾಸೂ ಹೋಯಿತು, ಆ ಗಂಟೂ ಹೋಯಿತು.

ಕೈಹೊಲಿಗೆಯ ಗುಂಡಿ ಬಾಳುವುದು ಯಾವ ಮಂತ್ರದಿಂದಲೂ ಅಲ್ಲ. ದಾರವನ್ನು ಜೋಡಿಯೆಳೆ ಮಾಡಿ ಜೇನುಮೇಣದ ತುಂಡಿನ ಮೇಲೆ ಒಮ್ಮೆ ಎಳೆದರೆ ಅದು ಸಿಕ್ಕಾಗದು, ಬೇಗ ಸವೆಯದು. ಗುಂಡಿಯ ಮೇಲೊಂದು ಬೆಂಕಿಕಡ್ಡಿ ಇಟ್ಟು, ಅದರ ಮೇಲಿನಿಂದ ಪ್ರತಿ ಜೋಡಿ ತೂತಿಗೆ ಮೂರು ನಾಲ್ಕು ಸಲ ಸೂಜಿ ಹಾಯಿಸಬೇಕು. ಕಡ್ಡಿ ತೆಗೆದು ಗುಂಡಿಯನ್ನು ಮೇಲಕ್ಕೆತ್ತಿದಾಗ ಬಟ್ಟೆಗೂ ಗುಂಡಿಗೂ ನಡುವೆ ತುಸು ಸಡಿಲ ಉಳಿಯುತ್ತದೆ. ಅಲ್ಲಿ ದಾರವನ್ನು ನಾಲ್ಕೈದು ಸುತ್ತು ಸುತ್ತಿ, ಹಿಂಬದಿಗೆ ತಂದು ಗಂಟು ಹಾಕಬೇಕು. ಈ ಪುಟ್ಟ ಕತ್ತೇ ಗುಟ್ಟು. ಕಾಜದ ಕಡೆಯ ಬಟ್ಟೆಯ ದಪ್ಪಕ್ಕೆ ಅದು ಎಡೆಕೊಡುತ್ತದೆ, ಎಳೆತವೆಲ್ಲ ಹೊಲಿಗೆಯ ಮೇಲೆ ಬೀಳುವುದಿಲ್ಲ. ಕಲಿತ ಕೈಗೆ ಹತ್ತು ನಿಮಿಷವೂ ಬೇಡ.

ಇದೇ ಬೆಳಗಾವಿಯಲ್ಲಿ 1924ರ ಡಿಸೆಂಬರ್‌ನಲ್ಲಿ ಗಾಂಧೀಜಿಯವರ ಅಧ್ಯಕ್ಷತೆಯ ಕಾಂಗ್ರೆಸ್ ಅಧಿವೇಶನ ಸದಸ್ಯತ್ವಕ್ಕೆ ತಿಂಗಳಿಗೆ 2,000 ಗಜ ನೂಲಿನ ನಿಯಮವನ್ನು ಒಪ್ಪಿತ್ತು. ಮನಸ್ಸಿಲ್ಲದವರು ಇತರರು ನೂತ ನೂಲನ್ನು ಒಪ್ಪಿಸಬಹುದೆಂಬ ಸಂದೂ ಅದರಲ್ಲಿತ್ತು. ಮರುವರ್ಷವೇ ನಿಯಮ ಸಡಿಲಗೊಂಡಿತು. 2024ರಲ್ಲಿ ಶತಮಾನೋತ್ಸವಕ್ಕೆಂದು ನಗರವೆಲ್ಲ ವಿದ್ಯುದ್ದೀಪಗಳಿಂದ ಜಗಮಗಿಸಿತು. ಒಂದು ಗುಂಡಿಗೆ ಬೇಕಾದ ದಾರವಾದರೋ ಎರಡು ಮೊಳ.

‘ಅದು ಹೆಂಗಸರ ಕೆಲಸ’ ಎಂಬ ಮಾತಿಗೆ ಉತ್ತರ ಬೇಕಿದ್ದರೆ ದೂರ ಹೋಗಬೇಕಿಲ್ಲ. ಬೆಳಗಾವಿ ಮರಾಠಾ ಲಘು ಪದಾತಿ ದಳದ ನೆಲೆ. ಸೈನಿಕನ ಚೀಲದಲ್ಲಿ ಸೂಜಿ-ದಾರವಿರುವುದು ಸೈನ್ಯಗಳ ಹಳೆಯ ರೂಢಿ, ಅದರಿಂದ ಯಾರ ಪೌರುಷವೂ ಕುಂದಿಲ್ಲ.

ಸರ್ಕಾರಿ ಶಾಲೆಯ ಮಕ್ಕಳಿಗೆ ವಿದ್ಯಾವಿಕಾಸ ಯೋಜನೆಯಡಿ ಸಮವಸ್ತ್ರ ಉಚಿತ. ಜಾಂಬೋಟಿ, ಕಣಕುಂಬಿ ಕಡೆಯ ಮಳೆಗಾಲದಲ್ಲಿ ಒಗೆದ ಬಟ್ಟೆ ದಿನಗಟ್ಟಲೆ ಒಣಗುವುದಿಲ್ಲ. ಇರುವ ಅಂಗಿಗಳಲ್ಲಿ ಒಂದರ ಗುಂಡಿ ಹೋದರೆ ಮಗು ಎದೆಯ ಮೇಲೆ ಪಿನ್ನು ಚುಚ್ಚಿಕೊಂಡು ಶಾಲೆಗೆ ಬರಬೇಕು. ಸಮವಸ್ತ್ರದ ಜೊತೆಗೆ ಒಂದು ಸೂಜಿ, ಒಂದು ಉಂಡೆ ದಾರ, ನಾಲ್ಕು ಗುಂಡಿ ಕೊಡಲು ಇಲಾಖೆಗೆ ಎಷ್ಟು ಹೊರೆಯಾದೀತು? ಗಂಡು-ಹೆಣ್ಣೆನ್ನದೆ ಐದನೆಯ ತರಗತಿಯ ಪ್ರತಿ ಮಗುವಿಗೂ ವರ್ಷದಲ್ಲಿ ಎರಡು ಅವಧಿ ಇದನ್ನು ಕಲಿಸಲಿ. ಮೊದಲ ಅವಧಿಗೆ ಮಾಸ್ತರರೂ ಮಕ್ಕಳ ಜೊತೆ ಕೂಡಲಿ. ಅವರಲ್ಲಿಯೂ ಅನೇಕರಿಗೆ ಸೂಜಿಗೆ ದಾರ ಪೋಣಿಸಲು ಬಾರದು.